ಒಂಬತ್ತು ದಾರ, ಒಬ್ಬ ತೊದಲು ಮಂತ್ರಿ

ನನಗೆ ಸಿಕ್ಕಿದ ಪಾತ್ರದ ಹೆಸರು ತರ್ತಾಲ್ಯ. ಇಟಾಲಿಯನ್‌ನಲ್ಲಿ ತೊದಲುವುದಕ್ಕೆ ಇರುವ ಮಾತಿನಿಂದಲೇ ಬಂದ ಹೆಸರು ಅದು. ಪಾತ್ರ ಹಂಚುವ ದಿನ ನಮ್ಮ ಗುಂಪನ್ನು ನಡೆಸುವ ಅಜ್ಜಿ ಎಲ್ಲರನ್ನೂ ಒಂದು ಸುತ್ತು ನೋಡಿ, ನನ್ನ ಮುಂದೆ ಬಂದು ನಿಂತು, "ನೀನು ತರ್ತಾಲ್ಯ. ನಿನ್ನ ಜರ್ಮನ್ ಹೇಗೂ ಅರ್ಧ ವಾಕ್ಯಕ್ಕೆ ನಿಂತುಹೋಗುತ್ತೆ, ನನಗೆ ಕಲಿಸೋ ಕೆಲಸ ಉಳೀತು" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅರ್ಥವಾಗಲು ಎರಡು ಸೆಕೆಂಡ್ ಜಾಸ್ತಿ ಹಿಡಿಯಿತು ಅಷ್ಟೆ.

ಇದು ಸ್ವಿಟ್ಜರ್ಲೆಂಡಿನ ಝೂರಿಕ್‌ನ ಕಥೆ. ನಮ್ಮ ಮನೆ ಹತ್ತಿರದ ಸಮುದಾಯ ಭವನದ ನೆಲಮಾಳಿಗೆಯಲ್ಲಿ ಪ್ರತಿ ಮಂಗಳವಾರ ಸಂಜೆ ಸೇರುವ ಹವ್ಯಾಸಿ ಗೊಂಬೆಯಾಟದ ಗುಂಪು. ಹನ್ನೊಂದು ಜನ. ಫೆಬ್ರವರಿಯಲ್ಲಿ ಮರದ ತುಂಡು ಕೈಗೆ ಕೊಡುತ್ತಾರೆ, ನವೆಂಬರ್‌ನಲ್ಲಿ ಆಟ. ಹಗಲೆಲ್ಲ ಸಾಫ್ಟ್‌ವೇರ್ ಕೆಲಸ ಮಾಡಿ ಸಂಜೆ ಮನೆಗೆ ಬಂದು ಮತ್ತೆ ಫೋನ್ ನೋಡುತ್ತಾ ಕೂರುವ ಚಟ ಬಿಡಿಸಿಕೊಳ್ಳೋಣ ಅಂತ ಸೇರಿದ್ದೆ. ಗೊಂಬೆ ಅಂದಾಗ ಕಿವಿ ನಿಮಿರಿದ್ದಕ್ಕೆ ಇನ್ನೊಂದು ಕಾರಣ ಇತ್ತು. ನಮ್ಮೂರು ಕುಂದಾಪುರದ ಕಡೆ. ಉಪ್ಪಿನಕುದ್ರುವಿನ ಕಾಮತರ ಯಕ್ಷಗಾನ ಗೊಂಬೆಯಾಟ ನೋಡಿ ಬೆಳೆದವನು ನಾನು. ತಲೆಗೆ ಕೇದಗೆ ಮುಂದಲೆ ಕಟ್ಟಿಕೊಂಡ ಒಂದೂವರೆ ಅಡಿಯ ಗೊಂಬೆ ಚೆಂಡೆಯ ಬಡಿತಕ್ಕೆ ಸರಿಯಾಗಿ ಗಿರಗಿರ ಹಾರಿ ಧಿಗಿಣ ಹಾಕುವಾಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆದರೆ ಒಂದು ದಿನವೂ ಪರದೆಯ ಹಿಂದೆ ಹೋಗಿ ದಾರ ಮುಟ್ಟಿದವನಲ್ಲ. ಏಳು ಸಾವಿರ ಕಿಲೋಮೀಟರ್ ಆಚೆ ಬಂದು, ಮೈ ಕೊರೆಯುವ ಚಳಿಯಲ್ಲಿ, ಯಾರದೋ ನೆಲಮಾಳಿಗೆಯಲ್ಲಿ ಆ ಆಸೆ ತೀರಬೇಕಾಯಿತು.

ಆ ವರ್ಷ ಅಜ್ಜಿ ಆರಿಸಿದ್ದ ನಾಟಕ ಕಾರ್ಲೊ ಗೊಟ್ಸಿ ಬರೆದ 'ಜಿಂಕೆ ರಾಜ'. 1762ರಲ್ಲಿ ವೆನಿಸ್ಸಿನಲ್ಲಿ ಮೊದಲು ಆಡಿದ್ದು. ಆಗ ವೆನಿಸ್ಸಿನಲ್ಲಿ ಇಬ್ಬರು ಕಾರ್ಲೊಗಳ ಜಗಳ ಜೋರಾಗಿತ್ತಂತೆ. ಕಾರ್ಲೊ ಗೊಲ್ದೋನಿಗೆ ಮುಖವಾಡದ ಹಳೇ ಹಾಸ್ಯ ಸಾಕಾಗಿತ್ತು, ಪ್ರತಿ ಮಾತನ್ನೂ ಬರೆದೇ ಆಡಿಸಬೇಕು, ನಿಜ ಜೀವನ ತೋರಿಸಬೇಕು ಅನ್ನುತ್ತಿದ್ದ. ಗೊಟ್ಸಿ ಕುಲೀನ ಮನೆತನದವನು, ಹಟಮಾರಿ. ಅಡಗೂಲಜ್ಜಿ ಕಥೆಯನ್ನೇ ಹಳೇ ಮುಖವಾಡಗಳ ಕೈಲಿ ಆಡಿಸಿ ಜನ ಸೇರಿಸ್ತೀನಿ ನೋಡು ಅಂತ 1761ರಲ್ಲಿ ಮೂರು ಕಿತ್ತಳೆಗಳ ಕಥೆ ಆಡಿಸಿದ. ಜನ ಮುಗಿಬಿದ್ದರು. ಮುಂದಿನ ವರ್ಷ ಗೊಲ್ದೋನಿ ಪ್ಯಾರಿಸ್ಸಿಗೆ ಹೊರಟುಹೋದ. ನನಗೆ ಕೇಳಿದರೆ ಇಬ್ಬರೂ ಸರಿ, ಆದರೆ ಗೊಂಬೆಗೆ ಗೊಟ್ಸಿಯೇ ಸರಿ. ಮರದ ಗೊಂಬೆ ಬಾಡಿಗೆ ಮನೆಯ ಕಷ್ಟ ಹೇಳಿಕೊಂಡರೆ ಯಾರು ನಂಬುತ್ತಾರೆ? ಅದೇ ಗೊಂಬೆ ಮಂತ್ರ ಹೇಳಿ ಜಿಂಕೆ ಆಯ್ತು ಅಂದರೆ ತಕ್ಷಣ ನಂಬುತ್ತೇವೆ.

ಕಥೆ ಕೇಳಿದ ದಿನ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ದೆರಾಮೊ ಅನ್ನುವ ರಾಜ. ಅವನ ರಾಜ್ಯ ಸೆರೆಂಡಿಪೊ, ಅಂದರೆ ಸಿಂಹಳ. ಅವನ ಹತ್ತಿರ ಮಾಟಗಾರನೊಬ್ಬ ಕೊಟ್ಟ ಎರಡು ಗುಟ್ಟುಗಳಿವೆ. ಒಂದು, ಸುಳ್ಳು ಹೇಳಿದರೆ ನಗುವ ಪ್ರತಿಮೆ. ಮದುವೆಗೆ ಬಂದ ಹುಡುಗಿಯರನ್ನೆಲ್ಲ ಅದರ ಮುಂದೆ ನಿಲ್ಲಿಸಿ ಮಾತಾಡಿಸುತ್ತಾನೆ, ಅದು ನಗುತ್ತಲೇ ಇರುತ್ತದೆ. ಮಂತ್ರಿ ಪಂತಲೋನೆಯ ಮಗಳು ಆಂಜೆಲ ಮಾತಾಡಿದಾಗ ಮಾತ್ರ ಸುಮ್ಮನಿರುತ್ತದೆ. ಎರಡನೆಯದು, ಸತ್ತ ದೇಹದೊಳಗೆ ಹೋಗುವ ಮಂತ್ರ. ಬೇಟೆಗೆ ಹೋದಾಗ ರಾಜ ಅದನ್ನು ಮುಖ್ಯಮಂತ್ರಿ ತರ್ತಾಲ್ಯನಿಗೆ ಹೇಳಿಬಿಡುತ್ತಾನೆ, ಹೇಳಿದ್ದಲ್ಲದೆ ಸತ್ತ ಜಿಂಕೆಯೊಳಗೆ ಹೊಕ್ಕು ತೋರಿಸುತ್ತಾನೆ. ತರ್ತಾಲ್ಯನಿಗೆ ಆಂಜೆಲಳ ಮೇಲೆ ಕಣ್ಣು. ಅವನು ಖಾಲಿ ಬಿದ್ದ ರಾಜನ ಮೈಯೊಳಗೆ ಹೊಕ್ಕು, ಆ ಜಿಂಕೆಯನ್ನು ಹುಡುಕಿ ಕೊಲ್ಲಿ ಅಂತ ಆಜ್ಞೆ ಮಾಡುತ್ತಾನೆ.

"ಇದು ಪರಕಾಯ ಪ್ರವೇಶ!" ಅಂತ ಕನ್ನಡದಲ್ಲೇ ಕೂಗಿದೆ. ಯಾರಿಗೂ ಅರ್ಥವಾಗಲಿಲ್ಲ. ವಿಕ್ರಮಾದಿತ್ಯನ ಕಥೆಗಳಲ್ಲಿ ರಾಜ ಬೇರೆ ಮೈಗೆ ಹೋದಾಗ ಇನ್ನೊಬ್ಬ ಅವನ ಮೈಗೆ ನುಗ್ಗುವುದನ್ನು ನಾವೆಲ್ಲ ಕೇಳಿದ್ದೇವಲ್ಲ, ಅದೇ. ತಡವರಿಸುತ್ತಾ ವಿವರಿಸಿದೆ. ಅಜ್ಜಿಗೇನೂ ಆಶ್ಚರ್ಯವಾಗಲಿಲ್ಲ. ಸೆರೆಂಡಿಪೊದ ಕಥೆಗಳು ಪೂರ್ವದಿಂದ ಬಂದವು ಅಂತ ಹೇಳಿಕೊಂಡೇ 1557ರಷ್ಟು ಹಿಂದೆ ವೆನಿಸ್ಸಿನಲ್ಲಿ ಅಚ್ಚಾಗಿದ್ದವು, ನಗುವ ಪ್ರತಿಮೆಯೂ ಅಲ್ಲಿಂದಲೇ ಬಂದದ್ದು ಅಂದರು. ನಮ್ಮ ಕಡೆಯ ಸರಕು ದಾರಿ ಮೇಲೆ ಬಟ್ಟೆ ಬದಲಾಯಿಸಿಕೊಂಡು ಹೋಗಿ ವೆನಿಸ್ಸಿನಲ್ಲಿ ಮುಖವಾಡ ಹಾಕಿಕೊಂಡಿತ್ತು.

ಮುಖವಾಡಗಳ ವಿಷಯ ಸ್ವಲ್ಪ ಹೇಳಬೇಕು. ಕಮೇದಿಯ ದೆಲ್ಲಾರ್ತೆ ಅನ್ನುವ ಈ ಇಟಾಲಿಯನ್ ಆಟದಲ್ಲಿ ಪಾತ್ರಗಳು ಮೊದಲೇ ಗೊತ್ತು, ಕಥೆ ಮಾತ್ರ ಬದಲಾಗುತ್ತದೆ. ಪಂತಲೋನೆ ಅಂದರೆ ವೆನಿಸ್ಸಿನ ಮುದಿ ವ್ಯಾಪಾರಿ. ಕೆಂಪು ಕಾಲುಚೀಲ, ಕಪ್ಪು ನಿಲುವಂಗಿ, ದುಡ್ಡಿನ ಚೀಲ ಬಿಡದ ಕೈ. ಅವನ ಹೆಸರಿನಿಂದಲೇ ಪ್ಯಾಂಟಲೂನ್, ಅದರಿಂದ ನಾವು ದಿನಾ ಹಾಕುವ ಪ್ಯಾಂಟು. ಬ್ರಿಗೆಲ್ಲ, ತ್ರುಫಲ್ದಿನೋ ಇಬ್ಬರೂ ಬೆರ್ಗಾಮೊ ಕಡೆಯ ಆಳುಗಳು. ಬ್ರಿಗೆಲ್ಲ ಚಾಲಾಕಿ, ತ್ರುಫಲ್ದಿನೋ ಸದಾ ಹಸಿದವನು, ಈ ನಾಟಕದಲ್ಲಿ ಹಕ್ಕಿ ಹಿಡಿಯುವವನು. ಬ್ರಿಗೆಲ್ಲನ ತಂಗಿ ಸ್ಮೆರಾಲ್ದಿನ, ರಾಣಿಯಾಗಲು ಹೊರಟವಳು. ಗೊಟ್ಸಿ ಉಳಿದವರಿಗೆ ಮಾತು ಬರೆದರೂ ತ್ರುಫಲ್ದಿನೋಗೆ ಎಷ್ಟೋ ಕಡೆ 'ಇಲ್ಲಿ ಬರುತ್ತಾನೆ, ಇಂಥ ತಮಾಷೆ ಮಾಡುತ್ತಾನೆ, ಹೋಗುತ್ತಾನೆ' ಅಂತ ಮಾತ್ರ ಬರೆದಿದ್ದಾನೆ. ಆ ಪಾತ್ರ ಮಾಡುತ್ತಿದ್ದ ಅಂತೋನಿಯೊ ಸಾಕ್ಕಿಯ ಬಾಯಿಗೆ ಬಿಟ್ಟಿದ್ದು.

ಇದೂ ನನಗೆ ಹೊಸದೇನಲ್ಲ. ನಮ್ಮ ಯಕ್ಷಗಾನದಲ್ಲೂ ಪ್ರಸಂಗ ಗೊತ್ತು, ಪದ ಗೊತ್ತು, ಅರ್ಥ, ಅಂದರೆ ಆಡುವ ಮಾತು, ಮಾತ್ರ ಆಯಾ ರಾತ್ರಿಯ ವೇಷಧಾರಿಯದು. ಹಾಸ್ಯಗಾರನಿಗಂತೂ ಯಾರು ಮಾತು ಬರೆದುಕೊಡುತ್ತಾರೆ? ಇದನ್ನು ಅಜ್ಜಿಗೆ ಹೇಳಿದಾಗ ಅವರು, "ಹಾಗಾದರೆ ನಿನಗೆ ಸ್ಕ್ರಿಪ್ಟ್ ಬೇಡ" ಅಂದು ನನ್ನ ಕೈಯಲ್ಲಿದ್ದ ಹಾಳೆಗಳನ್ನು ವಾಪಸ್ ತಗೊಂಡರು. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಮರಕ್ಕೆ ಕೈ ಹಾಕುವ ಮೊದಲು ಅಜ್ಜಿ ನಮ್ಮನ್ನು ಮ್ಯೂಸಿಯಂ ಫ್ಯೂರ್ ಗೆಸ್ಟಾಲ್ಟುಂಗ್ ಅನ್ನುವ ವಿನ್ಯಾಸ ಕಲೆಯ ಸಂಗ್ರಹಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಇದೇ ನಾಟಕಕ್ಕೆ 1918ರಲ್ಲಿ ಸೋಫಿ ಟಾಯ್ಬರ್-ಆರ್ಪ್ ಅನ್ನುವ ಕಲಾವಿದೆ ಮಾಡಿದ ಹದಿನೇಳು ಗೊಂಬೆಗಳಿವೆ. ಹೆಸರು ಕೇಳಿದ ಹಾಗಿತ್ತು, ಮುಖವಂತೂ ಚೆನ್ನಾಗಿ ಗೊತ್ತಿತ್ತು. ನಾನು 2014ರಲ್ಲಿ ಈ ದೇಶಕ್ಕೆ ಬಂದಾಗ 50 ಫ್ರಾಂಕಿನ ನೋಟಿನ ಮೇಲೆ ಇದ್ದ ಹೆಂಗಸು! ಆ ನೋಟು ಕೊಟ್ಟು ಎಷ್ಟು ಸಲ ಅಕ್ಕಿ, ತೊಗರಿಬೇಳೆ ತಂದಿದ್ದೇನೋ.

ಗೊಂಬೆಗಳನ್ನು ನೋಡಿ ಮೊದಲು ಕಕ್ಕಾಬಿಕ್ಕಿಯಾದೆ. ಗೊಂಬೆ ಅಂದರೆ ಮನುಷ್ಯನ ಹಾಗೆ ಕಾಣಬೇಕು, ಕೀಲು ಮುಚ್ಚಬೇಕು ಅಂತ ನನ್ನ ತಲೆಯಲ್ಲಿತ್ತು. ಇವು ಕಡೆದ ಮರದ ಉರುಳೆ, ಶಂಕು, ಚೆಂಡುಗಳನ್ನು ಕೊಂಡಿ ಹಾಕಿ ಜೋಡಿಸಿದವು. ಕೊಂಡಿ ಕೂಡ ಕಾಣುತ್ತಿತ್ತು, ಮುಚ್ಚಿಡುವ ಗೋಜಿಗೇ ಹೋಗಿಲ್ಲ. ಕಾವಲು ಗೊಂಬೆಯೊಂದಿದೆ, ಬೆಳ್ಳಿ ಬಣ್ಣದ್ದು, ಒಂದೇ ಮೈಗೆ ಹಲವು ಕೈ, ಕೈಗೊಂದು ಕತ್ತಿ. ಇಡೀ ಪಹರೆಯನ್ನು ಒಂದೇ ಗೊಂಬೆಯಲ್ಲಿ ಮುಗಿಸಿದ್ದಾರೆ. ಆ ಆಟದಲ್ಲಿ ಗೊಟ್ಸಿಯ ಕಥೆಯನ್ನು ಝೂರಿಕ್ಕಿಗೇ ತಂದು, ಮನಃಶಾಸ್ತ್ರದವರ ಜಗಳ ಸೇರಿಸಿ ಗೇಲಿ ಮಾಡಿದ್ದರಂತೆ. ಒಂದು ಗೊಂಬೆಯ ಹೆಸರೇ ಫ್ರಾಯ್ಡ್ ಅನಾಲಿಟಿಕುಸ್, ಇನ್ನೊಂದು ಡಾಕ್ಟರ್ ಕಾಂಪ್ಲೆಕ್ಸ್. 1918ರ ಸೆಪ್ಟೆಂಬರ್‌ನಲ್ಲಿ ಮೊದಲ ಆಟ. ಕೆಲವೇ ಆಟಕ್ಕೆ ಸ್ಪ್ಯಾನಿಷ್ ಜ್ವರ ಊರೆಲ್ಲ ಹಬ್ಬಿ ನಿಂತುಹೋಯಿತು. ಅಷ್ಟು ಕೆಲಸ ಮಾಡಿದ ಗೊಂಬೆಗಳು ಕುಣಿದದ್ದು ಅಷ್ಟೇ ಸಲ. ಗಾಜಿನ ಹಿಂದೆ ಆ ಜಿಂಕೆ ನಿಂತಿರುವುದನ್ನು ನೋಡಿ ಹೊಟ್ಟೆ ಚುರ್ ಅಂದಿತು.

ಫೆಬ್ರವರಿಯಲ್ಲಿ ಲಿಂಡೆನ್ ಮರದ ತುಂಡು ಕೈಗೆ ಬಂತು. ಮೆತ್ತಗಿನ ಮರ, ಉಳಿ ಹಿಡಿದರೆ ಸಾಬೂನಿನ ಹಾಗೆ ಬರುತ್ತದೆ ಅಂದಿದ್ದರು. ಅವರ ಕೈಗೆ ಬರುತ್ತದೆ. ಮೊದಲ ದಿನ ಎಡಗೈ ಹೆಬ್ಬೆರಳಿಗೆ ಬ್ಯಾಂಡೇಜ್. ಮೂರನೇ ವಾರ ಮೂಗು ಹಾರಿಹೋಯಿತು. ತರ್ತಾಲ್ಯನಿಗೆ ದೊಡ್ಡ ಮೂಗು, ಅದರ ಮೇಲೆ ಇನ್ನೂ ದೊಡ್ಡ ಕನ್ನಡಕ ಕೂರಬೇಕು. ಮೂಗಿನ ಬುಡದಲ್ಲಿ ಎಳೆಗೆ ಅಡ್ಡ ಕೊರೆದೆ, ಟಪ್ ಅಂತ ಮುರಿದು ಮೇಜಿನ ಕೆಳಗೆ ಹೋಯಿತು. ಹುಡುಕಿ ಅಂಟು ಹಾಕೋಣ ಅಂದರೆ ಅಜ್ಜಿ ಬಿಡಲಿಲ್ಲ. ಮೂಗಿಲ್ಲದ ಮುಖವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಕನ್ನಡಕ ಜಾರ್ತಾನೇ ಇರುತ್ತೆ ಈಗ. ಅವನು ತಲೆ ಹಿಂದಕ್ಕೆ ಎತ್ತಿಕೊಂಡೇ ಓಡಾಡಬೇಕು. ಒಳ್ಳೇದಾಯ್ತು" ಅಂದರು. ಹಾಗಾಗಿ ನಮ್ಮ ತರ್ತಾಲ್ಯ ಮೊಂಡುಮೂಗಿನವನು. ಗದ್ದ ಮೇಲೆತ್ತಿಕೊಂಡು, ಎಲ್ಲರನ್ನೂ ಕೀಳಾಗಿ ನೋಡುವವನ ಹಾಗೆ ನಡೆಯುತ್ತಾನೆ. ನಿಜ ಹೇಳಬೇಕೆಂದರೆ ಕನ್ನಡಕ ಬೀಳದಿರಲಿ ಅಂತ.

ಉಳಿದ ಮೈ ಬೇಗ ಆಯಿತು. ಎದೆ ಒಂದು ತುಂಡು, ಸೊಂಟ ಒಂದು ತುಂಡು, ನಡುವೆ ಬಟ್ಟೆಯ ಕೀಲು. ಮಂಡಿ ಮುಂದಕ್ಕೆ ಮಡಚಬಾರದು, ಅದಕ್ಕೆ ಒಳಗೆ ಚರ್ಮದ ಪಟ್ಟಿ. ಪಾದಕ್ಕೆ ಸೀಸದ ಗುಂಡು ಹಾಕಬೇಕು. ನಾನು ಜಿಪುಣತನ ಮಾಡಿ ಕಮ್ಮಿ ಹಾಕಿದ್ದೆ. ಮೊದಲ ಸಲ ಎತ್ತಿದಾಗ ಮಂತ್ರಿಗಳು ಚಂದ್ರನ ಮೇಲೆ ನಡೆದ ಹಾಗೆ ತೇಲಿದರು. ಮತ್ತೆ ಪಾದ ಕೊರೆದು ಸೀಸ ತುಂಬಿದೆ.

ದಾರ ಕಟ್ಟುವುದು ಇದೆಯಲ್ಲ, ಅದು ಒಂದು ಇಡೀ ಸಂಜೆಯ ಕೆಲಸ, ಉಸಿರು ಬಿಗಿಹಿಡಿದು ಮಾಡುವಂಥದ್ದು. ಒಂಬತ್ತು ದಾರ. ಮೊದಲು ಭುಜದ ಎರಡು, ಮೈಭಾರವೆಲ್ಲ ಅವುಗಳ ಮೇಲೆ. ಆಮೇಲೆ ಕಿವಿಯ ಹತ್ತಿರ ತಲೆಗೆ ಎರಡು. ಬೆನ್ನಿಗೆ ಒಂದು, ಬಾಗಿ ನಮಸ್ಕಾರ ಮಾಡಲು. ಕೈಗೆ ಎರಡು. ಕೊನೆಗೆ ಮಂಡಿಗೆ ಎರಡು. ಇವೆಲ್ಲ ಹೋಗಿ ಮೇಲೆ ಮರದ ಹಿಡಿಕೆಗೆ ಸೇರುತ್ತವೆ. ಮಂಡಿಯ ದಾರಗಳಿಗೆ ಬೇರೆ ಅಡ್ಡಪಟ್ಟಿ, ಅದನ್ನು ತಕ್ಕಡಿಯ ಹಾಗೆ ಆ ಕಡೆ ಈ ಕಡೆ ತೂಗಿದರೆ ಗೊಂಬೆ ನಡೆಯುತ್ತದೆ. ಒಂದು ದಾರ ಒಂದೇ ಒಂದು ಬೆರಳಗಲ ಜಾಸ್ತಿಯಾದರೂ ಭುಜ ಸೊಟ್ಟ. ನಾನು ಭುಜದ್ದನ್ನು ಸರಿ ಮಾಡಿದರೆ ತಲೆ ವಾಲುತ್ತಿತ್ತು, ತಲೆ ಸರಿ ಮಾಡಿದರೆ ಒಂದು ಕಾಲು ಮೇಲೇ ಇರುತ್ತಿತ್ತು. ಪಂತಲೋನೆ ಮಾಡುತ್ತಿದ್ದ ನಿವೃತ್ತ ಟ್ರಾಮ್ ಚಾಲಕರು ನನ್ನ ಪಕ್ಕದಲ್ಲಿ ಕೂತು ಎಲ್ಲ ಗಂಟುಗಳನ್ನೂ ಬಿಚ್ಚಿ ಮೊದಲಿಂದ ಶುರು ಮಾಡಿಸಿದರು. ನಾವು ಒಬ್ಬರನ್ನೊಬ್ಬರು ಪಾತ್ರದ ಹೆಸರಲ್ಲೇ ಕರೆಯುತ್ತಿದ್ದೆವು. ಅವರ ನಿಜವಾದ ಹೆಸರು ನನಗೆ ಗೊತ್ತಾಗಿದ್ದು ಜೂನ್‌ನಲ್ಲಿ.

ಇಲ್ಲಿ ಆಡಿಸುವವರು ನಿಲ್ಲುವುದು ರಂಗದ ಹಿಂದಿನ ಅಟ್ಟದ ಮೇಲೆ, ಕಟಕಟೆಗೆ ಎದೆ ಒರಗಿಸಿ ಕೆಳಗೆ ನೋಡುತ್ತಾ. ಹಾಗಾಗಿ ನಮಗೆ ಕಾಣುವುದು ಗೊಂಬೆಯ ನೆತ್ತಿ ಮಾತ್ರ. ಅದರ ಪಾದ ನೆಲ ಮುಟ್ಟಿದೆಯಾ ಇಲ್ಲವಾ ಅನ್ನುವುದನ್ನು ಕಣ್ಣಿಂದಲ್ಲ, ದಾರದ ಭಾರದಿಂದ ತಿಳಿಯಬೇಕು. ಪಾದ ಊರಿದ ಕೂಡಲೇ ಕೈ ಒಂಚೂರು ಹಗುರಾಗುತ್ತದೆ. ಆ ಒಂಚೂರನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಇನ್ನೊಂದು ತೊಂದರೆ ನಾನು ಊರಿಂದ ತಂದದ್ದು. ಉಪ್ಪಿನಕುದ್ರುವಿನ ಆಟದಲ್ಲಿ ಪರದೆಯ ಕೆಳಗಿಂದ ಆಡಿಸುವವರ ಕಾಲು ಕಂಡದ್ದು ನನಗೆ ನೆನಪಿದೆ. ಗೊಂಬೆ ಕುಣಿದಾಗ ಆ ಕಾಲೂ ಕುಣಿಯುತ್ತಿತ್ತು. ಅದೇ ಮನಸ್ಸಲ್ಲಿ ಕೂತಿತ್ತೋ ಏನೋ, ತರ್ತಾಲ್ಯ ಸಿಟ್ಟಿಂದ ನೆಲ ಒದೆಯುವಾಗ ನಾನೂ ಅಟ್ಟದ ಮೇಲೆ ದಡದಡ ಒದ್ದೆ. ಅಟ್ಟ ಅಲ್ಲಾಡಿತು. ಎಲ್ಲರ ಗೊಂಬೆಗಳೂ ಒಟ್ಟಿಗೆ ನಡುಗಿದವು. ಹಿಂದೆ ನಿಲ್ಲಿಸಿದ್ದ ಅರಮನೆಯ ಕಂಬ ಬಿತ್ತು. "ಭೂಕಂಪ ಕಥೆಯಲ್ಲಿಲ್ಲ" ಅಂತ ಕೆಳಗಿಂದ ಅಜ್ಜಿಯ ಧ್ವನಿ ಬಂತು.

ತೊದಲಿನ ವಿಷಯಕ್ಕೆ ಬರುತ್ತೇನೆ, ಇದನ್ನು ಸುಮ್ನೆ ದಾಟಿ ಹೋಗಲು ನನಗೆ ಮನಸ್ಸಿಲ್ಲ. ನನ್ನ ಚಿಕ್ಕಪ್ಪ ಒಬ್ಬರಿಗೆ ಮಾತು ತೊದಲುತ್ತಿತ್ತು. ಊರ ಹುಡುಗರು ಅವರ ಹಿಂದೆ ಹಾಗೇ ಮಾತಾಡಿ ನಗುತ್ತಿದ್ದರು. ಒಂದೆರಡು ಸಲ ನಾನೂ ನಕ್ಕಿದ್ದೆ, ಅದು ಇವತ್ತಿಗೂ ಚುಚ್ಚುತ್ತದೆ. ಈಗ ಮಕ್ಕಳ ಮುಂದೆ ನಾನೇ ತೊದಲಿ ನಗಿಸಬೇಕು ಅಂದರೆ ಹೇಗೆ? ಸ್ಮೆರಾಲ್ದಿನ ಮಾಡುತ್ತಿದ್ದವರು ಶಾಲೆಯ ಟೀಚರ್, ಅವರೂ ಇದು ಸರಿಯಲ್ಲ ಅಂದರು. ಬ್ರಿಗೆಲ್ಲ, ಅವನು ಕಾಲೇಜು ಹುಡುಗ, ನೂರಾರು ವರ್ಷದ ಪಾತ್ರವನ್ನು ನಾವು ಬದಲಾಯಿಸೋಕೆ ಯಾರು ಅಂತ ವಾದಕ್ಕೆ ನಿಂತ. ಒಂದು ಇಡೀ ಮಂಗಳವಾರ ಅದರಲ್ಲೇ ಹೋಯಿತು.

ಅಜ್ಜಿ ಕೊನೆಯವರೆಗೆ ಮಾತಾಡಲಿಲ್ಲ. ಕೋಟು ಹಾಕಿಕೊಳ್ಳುವಾಗ ನನ್ನ ಕಡೆ ತಿರುಗಿ, "ಬಾಯಲ್ಲಿ ತೊದಲಬೇಡ. ಮಂಡಿಯಲ್ಲಿ ತೊದಲು" ಅಂದು ಹೊರಟುಹೋದರು.

ಮುಂದಿನ ನಾಲ್ಕು ವಾರ ಅದೇ ಕೆಲಸ. ಮಂಡಿಯ ಅಡ್ಡಪಟ್ಟಿಯನ್ನು ಎತ್ತಿ, ಅರ್ಧಕ್ಕೆ ನಿಲ್ಲಿಸಿ, ಇಳಿಸಿ, ಮತ್ತೆ ಅದೇ ಮಂಡಿ ಎತ್ತಿ, ಆಮೇಲೆ ಇನ್ನೊಂದು. ಕಾಲು ಹೊರಡಲು ಹೆದರುತ್ತದೆ, ತಲೆ ಮಾತ್ರ ಗದ್ದ ಎತ್ತಿಕೊಂಡು ಮುಂದೆ ಹೋಗುತ್ತಿರುತ್ತದೆ. ರಾಜನ ಮುಂದೆ ಬಂದಾಗ ಜಾಸ್ತಿ ತೊದಲು, ಆಳುಗಳ ಮುಂದೆ ಕಮ್ಮಿ. ಒಬ್ಬನೇ ಇದ್ದಾಗ ಸಲೀಸಾಗಿ ನಡೆಯುತ್ತಾನೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಚಿಕ್ಕಪ್ಪನಿಂದ ಬಂತು. ಅವರು ತೋಟದಲ್ಲಿ ಒಬ್ಬರೇ ಇದ್ದಾಗ ದನದ ಹತ್ತಿರ ಒಂದೂ ತಡೆಯಿಲ್ಲದೆ ಮಾತಾಡುತ್ತಿದ್ದರು. ಮಾತು ನನ್ನದು ಹೇಗೂ ಮುರಿದ ಜರ್ಮನ್. ಸಿಟ್ಟು ಬಂದಾಗ ಕನ್ನಡ. "ಎಂತ ಮಾರಾಯ ಇದು!" ಅಂತ ಮಂತ್ರಿಗಳು ಒಮ್ಮೆ ಬೈದಾಗ ಅಜ್ಜಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಇದು ಇರಲಿ ಅಂದರು.

ಒಂದು ನಿಯಮ ಮಾತ್ರ ಅಜ್ಜಿ ಪ್ರತಿ ವಾರ ಹೇಳುತ್ತಿದ್ದರು. ಮಾತಾಡುವ ಗೊಂಬೆ ಮಾತ್ರ ಅಲ್ಲಾಡಬೇಕು, ಉಳಿದವು ಅವನನ್ನು ನೋಡುತ್ತಾ ಸುಮ್ಮನಿರಬೇಕು. ಇಲ್ಲದಿದ್ದರೆ ನೋಡುವವರಿಗೆ ಯಾರು ಮಾತಾಡಿದರು ಅಂತಲೇ ಗೊತ್ತಾಗುವುದಿಲ್ಲ. ಗೊಂಬೆಗೆ ಬಾಯಿ ಅಲ್ಲಾಡುವುದಿಲ್ಲವಲ್ಲ. ಕೇಳಲು ಸುಲಭ. ಕಟಕಟೆಗೆ ಒರಗಿ, ಅರ್ಧ ಕಿಲೋ ಹಿಡಿಕೆಯನ್ನು ಮುಂದಕ್ಕೆ ಚಾಚಿ ನಾಲ್ಕು ನಿಮಿಷ ಅಲ್ಲಾಡದೆ ನಿಂತು ನೋಡಿ. ಭುಜ ಉರಿಯುತ್ತದೆ, ಮೂಗು ತುರಿಸುತ್ತದೆ, ಖಂಡಿತ ಅದೇ ಹೊತ್ತಿಗೆ.

ಈಗ ಪರಕಾಯ ಪ್ರವೇಶ. ಗೊಂಬೆಯಾಟಕ್ಕೆ ಇದಕ್ಕಿಂತ ಒಳ್ಳೇ ಕಥೆ ಸಿಗುವುದಿಲ್ಲ ಅಂತ ನನಗೆ ಅನ್ನಿಸಿದ್ದು ಇಲ್ಲೇ. ರಾಜನ ಗೊಂಬೆಯನ್ನು ಆಡಿಸುತ್ತಿದ್ದವರು ಒಬ್ಬ ನರ್ಸ್. ರಾಜ ಮಂತ್ರ ಹೇಳಿ ಬೀಳುತ್ತಾನೆ. ಅವರು ರಾಜನ ಹಿಡಿಕೆಯನ್ನು ಕೊಕ್ಕೆಗೆ ನೇತುಹಾಕಿ ಜಿಂಕೆಯ ಹಿಡಿಕೆ ಎತ್ತಿಕೊಳ್ಳುತ್ತಾರೆ. ಸತ್ತು ಬಿದ್ದಿದ್ದ ಜಿಂಕೆ ತಲೆ ಎತ್ತುತ್ತದೆ, ಕಾಡಿಗೆ ಓಡುತ್ತದೆ. ಆಮೇಲೆ ತರ್ತಾಲ್ಯ ಮಂತ್ರ ಹೇಳಿ ಬೀಳುತ್ತಾನೆ. ನಾನು ಅವನ ಹಿಡಿಕೆಯನ್ನು ಕೊಕ್ಕೆಗೆ ಹಾಕಿ, ಅವರು ಬಿಟ್ಟುಹೋದ ರಾಜನನ್ನು ಎತ್ತಿಕೊಳ್ಳಬೇಕು. ಅಂದರೆ ಜೀವ ಅನ್ನುವುದು ಇಲ್ಲಿ ನಿಜವಾಗಿಯೂ ಒಂದು ಕೈ. ಅದು ಒಂದು ಮೈಯನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ, ಜೊತೆಗೆ ಧ್ವನಿಯೂ ಹೋಗುತ್ತದೆ. ರಾಜನ ಬಟ್ಟೆ, ರಾಜನ ಮುಖ, ಕಾಲಲ್ಲಿ ಮಾತ್ರ ತರ್ತಾಲ್ಯನ ತೊದಲು. ನೋಡುವವರು ಆ ಮಂಡಿ ನೋಡಿಯೇ ಇವನು ಯಾರು ಅಂತ ಹಿಡಿಯಬೇಕು.

ತೊಂದರೆ ಏನಪ್ಪಾ ಅಂದರೆ ಆ ನರ್ಸ್ ಆರಡಿ ಎತ್ತರ. ನಾನು ಐದಡಿ ಮೂರಿಂಚು. ರಾಜನ ದಾರಗಳನ್ನು ಕಟ್ಟಿದ್ದು ಅವರ ಮೊಣಕೈ ಎತ್ತರಕ್ಕೆ. ಅದೇ ಹಿಡಿಕೆ ನನ್ನ ಕೈಗೆ ಬಂದ ತಕ್ಷಣ ದಾರ ಸಡಿಲಾಗಿ ರಾಜ ಅರ್ಧ ಕೂತುಬಿಡುತ್ತಿದ್ದ. ಶೌಚಕ್ಕೆ ಕೂತವರ ಹಾಗೆ, ಮುಚ್ಚುಮರೆ ಯಾಕೆ. ಹಾಗಾಗಿ ನನಗೊಂದು ಮರದ ಸ್ಟೂಲ್ ಬಂತು. ರಾಜನನ್ನು ಹಿಡಿಯುವ ಮೊದಲು ಸ್ಟೂಲ್ ಹತ್ತಬೇಕು, ಕತ್ತಲಲ್ಲಿ, ಹಿಂದೆ ನೋಡದೆ, ಕೊಕ್ಕೆಯಲ್ಲಿ ತೂಗುವ ಹತ್ತು ದಾರಕ್ಕೆ ಸಿಕ್ಕಿಕೊಳ್ಳದೆ. ರಾಜನಿಗೆ ಒಂದು ದಾರ ಜಾಸ್ತಿ, ಕಿರೀಟ ಎತ್ತಲು. ಅಕ್ಟೋಬರ್ ಪೂರ್ತಿ ಈ ಹನ್ನೆರಡು ಸೆಕೆಂಡನ್ನೇ ಅಭ್ಯಾಸ ಮಾಡಿದೆವು.

ಮೊದಲ ಆಟ ಶನಿವಾರ ಮಧ್ಯಾಹ್ನ. ಅರವತ್ತು ಕುರ್ಚಿ, ಮುಂದೆ ನೆಲದ ಮೇಲೆ ಚಾಪೆ ಹಾಕಿ ಮಕ್ಕಳು. ನಗುವ ಪ್ರತಿಮೆಗೆ ಒಳ್ಳೇ ಚಪ್ಪಾಳೆ. ತ್ರುಫಲ್ದಿನೋ ಗಿಣಿ ಹಿಡಿಯಲು ಹೋಗಿ ತಾನೇ ಬಲೆಗೆ ಸಿಕ್ಕಿಕೊಂಡಾಗ ಒಬ್ಬ ಹುಡುಗ ನಕ್ಕೂ ನಕ್ಕೂ ಬಿಕ್ಕಳಿಕೆ ಬಂದು ಅವನಮ್ಮ ನೀರು ಕುಡಿಸಬೇಕಾಯಿತು. ಕಾಡಿನ ದೃಶ್ಯ ಬಂತು, ಹಸಿರು ದೀಪ. ಜಿಂಕೆ ಎತ್ತಿಕೊಂಡು ಹಿಂದಕ್ಕೆ ಸರಿದ ನರ್ಸಮ್ಮನ ಹಿಮ್ಮಡಿ ಸ್ಟೂಲಿಗೆ ತಾಗಿತು. ಅದು ಜಾರಿ ಅಟ್ಟದ ಆ ತುದಿಗೆ ಹೋಗಿದ್ದು ನನಗೆ ಕೇಳಿಸಿತು. ಅಷ್ಟು ಹೊತ್ತಿಗೆ ತರ್ತಾಲ್ಯ ಸತ್ತಾಗಿತ್ತು. ಮಾಡುವುದೇನು, ನಿಂತಲ್ಲೇ ರಾಜನನ್ನು ಎತ್ತಿದೆ.

ರಾಜ ಎದ್ದ. ಪೂರ್ತಿ ಏಳಲಿಲ್ಲ. ಮಂಡಿ ಮಡಚಿಕೊಂಡೇ, ಕಿರೀಟ ಎದೆಯವರೆಗೆ ತಗ್ಗಿಸಿಕೊಂಡು, ಕುಕ್ಕರಗಾಲಲ್ಲಿ ಮುಂದೆ ಬಂದ. ಕೈ ಎಷ್ಟು ಎತ್ತಿದರೂ ಅಷ್ಟೇ. ಎರಡು ಸೆಕೆಂಡ್ ಸದ್ದಿಲ್ಲ. ಚಾಪೆಯಿಂದ ಒಂದು ಧ್ವನಿ, "ರಾಜ ಗಿಡ್ಡ ಆದ!" ಇನ್ನೊಂದು ಧ್ವನಿ, "ಅದು ರಾಜ ಅಲ್ಲ, ಒಳಗೆ ಅವನಿದ್ದಾನೆ!" ಆಮೇಲೆ ನಗು ಶುರುವಾಗಿದ್ದು ನಿಲ್ಲಲೇ ಇಲ್ಲ. ಅರಮನೆಯಲ್ಲಿ ಆಂಜೆಲ, "ನೀನು ನನ್ನ ಗಂಡನಲ್ಲ" ಅಂದಾಗ ಮಕ್ಕಳೆಲ್ಲ ಒಟ್ಟಿಗೆ ಅಲ್ಲ ಅಲ್ಲ ಅಂತ ಕೂಗಿದರು. ನನ್ನ ಬೆನ್ನೆಲ್ಲ ಬೆವರು.

ಮುಗಿದ ಮೇಲೆ ಬೈಗುಳಕ್ಕೆ ಕಾದು ನಿಂತೆ. ಅಜ್ಜಿ ಬಂದು, "ಸಂಜೆ ಆಟಕ್ಕೆ ಸ್ಟೂಲ್ ಬೇಡ" ಅಂದರು, ಅಷ್ಟೆ.

ನನಗೆ ಕೊಂಬು ಬಂತು. ಸಂಜೆ ಇನ್ನೂ ತಗ್ಗಿಸಿದೆ, ರಾಜನನ್ನು ಹೆಚ್ಚುಕಡಿಮೆ ನೆಲದ ಮೇಲೆ ತೆವಳಿಸಿದೆ. ಒಬ್ಬರೂ ನಗಲಿಲ್ಲ. ಒಬ್ಬಳು ಹುಡುಗಿ ಅಪ್ಪನಿಗೆ, "ದಾರ ಕಿತ್ತುಹೋಗಿದೆ ಪಾಪ" ಅಂದದ್ದು ಅಟ್ಟದವರೆಗೆ ಕೇಳಿಸಿತು. ಮಂಡಿಯ ತೊದಲನ್ನೂ ಮರೆತಿದ್ದೆ, ನಗಿಸುವ ಗಡಿಬಿಡಿಯಲ್ಲಿ.

ಭಾನುವಾರ ಸ್ಟೂಲನ್ನು ಟೇಪ್ ಹಾಕಿ ಅಟ್ಟಕ್ಕೆ ಅಂಟಿಸಿದೆ. ಅಜ್ಜಿ ನೋಡಿದರು, ಏನೂ ಅನ್ನಲಿಲ್ಲ. ಸ್ಟೂಲ್ ಹತ್ತಿ, ರಾಜನನ್ನು ಪೂರ್ತಿ ಎತ್ತರಕ್ಕೆ ನಿಲ್ಲಿಸಿದೆ. ನೆಟ್ಟಗೆ, ಚೆಂದವಾಗಿ. ಆಮೇಲೆ ಬಲ ಮಂಡಿ ಎತ್ತಿದೆ, ಅರ್ಧಕ್ಕೆ ನಿಲ್ಲಿಸಿದೆ, ಇಳಿಸಿದೆ, ಮತ್ತೆ ಅದೇ ಮಂಡಿ. ಗದ್ದ ಮೇಲಕ್ಕೆ. ರಾಜನಿಗೆ ಕನ್ನಡಕ ಇಲ್ಲ, ಆದರೂ ಮೇಲಕ್ಕೆ. ನಗು ಬರಲಿಲ್ಲ. ಚಾಪೆಯ ಮೇಲೆ ಗುಸುಗುಸು ಶುರುವಾಯಿತು, ಒಬ್ಬರಿಂದ ಒಬ್ಬರಿಗೆ, ಹಿಂದಿನ ಸಾಲಿನವರೆಗೆ. ಏನು ಹೇಳಿದರೋ ಕೇಳಿಸಲಿಲ್ಲ. ಜಿಂಕೆಯನ್ನು ಹಿಡಿದು ಪಕ್ಕದಲ್ಲಿ ನಿಂತಿದ್ದ ನರ್ಸಮ್ಮ ಮೊಣಕೈಯಲ್ಲಿ ನನ್ನನ್ನು ತಿವಿದರು. ದಾರ ಅಲ್ಲಾಡಿ ರಾಜ ಒಮ್ಮೆ ಸೀನಿದ ಹಾಗಾಯಿತು, ಇರಲಿ.

ಗೊಂಬೆ ಮಾಡಿದವರೇ ಮನೆಗೆ ಒಯ್ಯಬಹುದು ಅನ್ನುವುದು ಗುಂಪಿನ ಪದ್ಧತಿ. ದಾರಗಳನ್ನು ಹಿಡಿಕೆಗೆ ಎಂಟರಾಕಾರದಲ್ಲಿ ಸುತ್ತಿ ಬಟ್ಟೆಚೀಲಕ್ಕೆ ಹಾಕಬೇಕು. ನಾನು ಸುತ್ತದೆ ಹಾಗೇ ತಂದು, ಬಿಚ್ಚಲು ಒಂದು ರವಿವಾರ ಪೂರ್ತಿ ಕೂತೆ. ಈಗ ಮೇಜಿನ ಹಿಂದಿನ ಗೋಡೆಯ ಮೊಳೆಗೆ ತೂಗುತ್ತಿದ್ದಾನೆ, ಗದ್ದ ಎತ್ತಿಕೊಂಡು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಮಾತು ನಿಲ್ಲಿಸಿ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ಅದ್ಯಾರಾ ಮಾಣಿ, ನಿನ್ ಹಿಂದ್ ನಿಂತ್ಕಂಡದ್ದ್? ಮನೆಗ್ ಬಂದವ್ರಿಗೆ ಕಾಪಿ ಕೊಟ್ಯಾ?"